ಕಾಪಿ ಮಾಡಿ, ಆದ್ರೆ ಹೆಸರು ಹೇಳಿ (ಭಾಗ 6)

ಫ್ರೆಂಡ್ಸ್, ಸೆಮಿನಾರ್‌ಗೆ ವಿಕಿಪೀಡಿಯದಿಂದ ಪ್ಯಾರಾ ಎತ್ಕೋತೀರಾ? ತಪ್ಪೇನಿಲ್ಲ, ಅದಕ್ಕೆ ಅನುಮತಿ ಇದೆ. ಆದ್ರೆ ಒಂದು ಷರತ್ತೂ ಇದೆ.

ಆ ಷರತ್ತಿನ ಕಥೆ ಶುರುವಾಗೋದು ಸಾಫ್ಟ್‌ವೇರ್ ಕೈಪಿಡಿಗಳಿಂದ. 2000ದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಕೈಪಿಡಿಗಳಿಗಾಗಿ ಜಿಎಫ್‌ಡಿಎಲ್ ಅನ್ನೋ ಲೈಸೆನ್ಸ್ ತಂತು. ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಬರೆದವರ ಹೆಸರು ಮಾತ್ರ ಉಳಿಸಬೇಕು. 2001ರ ವಿಕಿಪೀಡಿಯ ಅದನ್ನೇ ತಗೊಂತು, 2003ರ ಕನ್ನಡ ವಿಕಿಪೀಡಿಯಕ್ಕೂ ಅದೇ ಬಂತು. ತೊಂದರೆ ಏನಂದ್ರೆ, ಒಂದು ಪುಟ ಪ್ರಿಂಟ್ ಹಾಕಿ ಹಂಚಿದ್ರೂ ಲೈಸೆನ್ಸನ್ನ ಪೂರ್ತಿ ಜೊತೆಗಿಡಬೇಕಿತ್ತು. ಅದಕ್ಕೇ 2009ರಲ್ಲಿ ಸುಲಭವಾದ ಕ್ರಿಯೇಟಿವ್ ಕಾಮನ್ಸ್‌ಗೆ ಬದಲಾಯ್ತು.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟದ ಕನ್ನಡ ವಿಶ್ವಕೋಶವನ್ನ ಕ್ರಿಯೇಟಿವ್ ಕಾಮನ್ಸ್ ಅಡಿ ಕೊಡೋಕೆ ಒಪ್ಪಿತು. ಅಲ್ಲಿನ ಎಷ್ಟೋ ಬರಹ ಈಗ ನಮ್ಮ ಮೊಬೈಲಲ್ಲೇ ಸಿಗುತ್ತೆ, ಮೂಲ ಯಾವುದು ಅಂತ ಹೇಳ್ಕೊಂಡೇ.

ಹೆಸರು ಅಳಿಸಿದ್ರೆ ಏನಾಗತ್ತೆ? ಕಾಸಿಲ್ಲದೆ ಬರೆದವರಿಗೆ ಸಿಗೋ ಒಂದೇ ಕೂಲಿಯೂ ಹೋಗತ್ತೆ. ಮಾಹಿತಿ ತಪ್ಪಿದ್ರೆ ಎಲ್ಲಿ ಹೋಗಿ ನೋಡೋದು ಅಂತ ಓದುವವರಿಗೂ ಗೊತ್ತಾಗಲ್ಲ.

ನಮ್ಮ ಬಿಳಿಗೆರೆ ಕಡೆ ಪಕ್ಕದ ತೋಟದಿಂದ ಬೀಜದ ಕಾಯಿ ತಂದು ಸಸಿ ಮಾಡಿದ್ರೆ, ಫಲ ಬಂದ ಮೇಲೂ "ಅವರ ತೋಟದ್ದು" ಅಂತೀವಲ್ಲ, ಪ್ಯಾರಾಗೂ ಅಷ್ಟೇ ಮಾಡಿ. ಲೇಖನದ ಹೆಸರು, ಲಿಂಕ್, ಲೈಸೆನ್ಸ್, ನೀವು ಏನು ಬದಲಾಯಿಸಿದ್ರಿ ಅನ್ನೋದು. ಎರಡು ಸಾಲಲ್ಲಿ ಮುಗಿಯುತ್ತೆ. ತಿದ್ದಿ ಹಂಚಿದ್ರೆ ನಿಮ್ಮದನ್ನೂ ಅದೇ ಲೈಸೆನ್ಸಲ್ಲಿ ಬಿಡಿ.

ಸೆಮಿನಾರ್ ಇರೋ ಫ್ರೆಂಡ್‌ಗೆ ಕಳಿಸಿ.

#ಕನ್ನಡವಿಕಿಪೀಡಿಯ #ಬಿಳಿಗೆರೆ