ತೋಳಿಗೆ ಸೂಜಿ, ಮೂಗಿಗೆ ಸ್ಪ್ರೇ: ಫ್ಲೂ ಲಸಿಕೆಯ ಎರಡು ದಾರಿ

2010ರಲ್ಲಿ ನಮ್ಮ ದೇಶದಲ್ಲಿ ಹಂದಿಜ್ವರದ ಭಯ ಇನ್ನೂ ಆರಿರಲಿಲ್ಲ. ಆ ವರ್ಷ ಸ್ವದೇಶಿ ಲಸಿಕೆಗಳು ಬಂದವು. ಅಹಮದಾಬಾದಿನ ಝೈಡಸ್ ಕ್ಯಾಡಿಲಾದ್ದು ಚುಚ್ಚುಮದ್ದು, ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ 'ನಾಸೋವ್ಯಾಕ್' ಮೂಗಿಗೆ ಸಿಂಪಡಿಸುವಂಥದ್ದು. ಯಾವುದು ಒಳ್ಳೆಯದು? ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚುಚ್ಚುಮದ್ದು ಎರಡನೇ ಮಹಾಯುದ್ಧದ ಕೂಸು. ಸೈನಿಕರನ್ನು ಫ್ಲೂನಿಂದ ಕಾಪಾಡಲು ಅಮೆರಿಕದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಅವರ ಶಿಷ್ಯ ಜೋನಾಸ್ ಸಾಕ್, ಕೋಳಿಮೊಟ್ಟೆಯಲ್ಲಿ ಬೆಳೆಸಿದ ವೈರಸ್ಸನ್ನು ಕೊಂದು ಲಸಿಕೆ ಮಾಡಿದರು. 1945ರಲ್ಲಿ ಅದು ಜನಸಾಮಾನ್ಯರಿಗೂ ಸಿಕ್ಕಿತು.

ಸೋವಿಯತ್ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಲೆನಿನ್‌ಗ್ರಾಡಿನಲ್ಲಿ ಸ್ಮೊರೊಡಿಂಟ್ಸೆವ್ ತಂಡ ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್ಸನ್ನು ಮೂಗಿನ ಮೂಲಕವೇ ಕೊಟ್ಟಿತು. ಅಮೆರಿಕದ ಮಿಷಿಗನ್‌ನಲ್ಲಿ ಜಾನ್ ಮಾಸಬ್, 1960ರಲ್ಲಿ ಸಿಕ್ಕ ವೈರಸ್ಸನ್ನು 25 ಡಿಗ್ರಿ ತಣ್ಣನೆಯಲ್ಲಿ ಬೆಳೆಯಲು ಪಳಗಿಸಿದರು. ಇಂಥ ವೈರಸ್ ತಂಪಾದ ಮೂಗಿನಲ್ಲಿ ಬೆಳೆದರೂ ಶ್ವಾಸಕೋಶದ ಬಿಸಿಯಲ್ಲಿ ಸೊರಗುತ್ತದೆ. ಅದರಿಂದ ಮಾಡಿದ 'ಫ್ಲೂಮಿಸ್ಟ್'ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 2003ರಲ್ಲಿ. ನಮ್ಮ ನಾಸೋವ್ಯಾಕ್‌ನ ಬೇರು ಮಾತ್ರ ರಷ್ಯಾದ ತಳಿಯಲ್ಲಿದೆ.

ದಾರಿ ಬೇರೆಯಾದರೆ ದೇಹದ ಉತ್ತರವೂ ಬೇರೆ. ಚುಚ್ಚುಮದ್ದು ರಕ್ತದಲ್ಲಿ ಪ್ರತಿಕಾಯಗಳನ್ನು, ಮುಖ್ಯವಾಗಿ ಐಜಿಜಿಯನ್ನು, ಚೆನ್ನಾಗಿ ಹುಟ್ಟಿಸುತ್ತದೆ. ಮೂಗಿನ ಲಸಿಕೆ ವೈರಸ್ ಒಳನುಗ್ಗುವ ಬಾಗಿಲಲ್ಲೇ, ಲೋಳೆಪೊರೆಯಲ್ಲಿ, ಐಜಿಎ ಎಂಬ ಪ್ರತಿಕಾಯವನ್ನು ನಿಲ್ಲಿಸುತ್ತದೆ. ಸೋಂಕಿತ ಕೋಶಗಳನ್ನು ಗುರುತಿಸುವ ಟಿ ಕೋಶಗಳನ್ನೂ ಎಚ್ಚರಿಸುತ್ತದೆ. ರಕ್ತಪರೀಕ್ಷೆಯೊಂದನ್ನೇ ನೋಡಿದರೆ ಅದು ಸೋತಂತೆ ಕಾಣಬಹುದು. ಆದರೆ 2007ರಲ್ಲಿ ಪ್ರಕಟವಾದ, ಸುಮಾರು 8,000 ಪುಟ್ಟ ಮಕ್ಕಳ ಅಧ್ಯಯನದಲ್ಲಿ ಸ್ಪ್ರೇ ಪಡೆದವರಲ್ಲಿ ಫ್ಲೂ ಪ್ರಕರಣಗಳು ಚುಚ್ಚುಮದ್ದು ಪಡೆದವರಿಗಿಂತ ಸುಮಾರು 55% ಕಡಿಮೆ ಇದ್ದವು.

ಹಾಗೆಂದು ಸ್ಪ್ರೇಯೇ ಗೆದ್ದಿತು ಎನ್ನುವಂತಿಲ್ಲ. ದೊಡ್ಡವರ ದೇಹ ಹಳೆಯ ಫ್ಲೂಗಳನ್ನು ಕಂಡಿರುತ್ತದೆ. ಆ ರೋಗನಿರೋಧಕ ಶಕ್ತಿ ಲಸಿಕೆಯ ವೈರಸ್ಸು ಬೇರೂರುವ ಮೊದಲೇ ಅದನ್ನು ತಡೆಯಬಹುದು. 2016ರಲ್ಲಿ, ಎಚ್1ಎನ್1 ವಿರುದ್ಧ ಸ್ಪ್ರೇ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಅಮೆರಿಕದ ತಜ್ಞರ ಸಮಿತಿ ಅದನ್ನು ಬಳಸಬೇಡಿ ಎಂದಿತು. ಲಸಿಕೆಯ ಆ ತಳಿಯನ್ನು ಬದಲಿಸಿದ ಮೇಲೆ, 2018–19ರ ಹಂಗಾಮಿಗೆ ಅದು ಮರಳಿತು.

ಆದ್ದರಿಂದ ಸುದ್ದಿ ಬರೆಯುವ ನಾವು 'ಯಾವುದು ಒಳ್ಳೆಯದು' ಎಂದಷ್ಟೇ ಕೇಳಿ ನಿಲ್ಲಬಾರದು. ಯಾರಿಗೆ, ಯಾವ ವಯಸ್ಸಿಗೆ, ಯಾವ ತಳಿಯ ವಿರುದ್ಧ ಎಂದು ಕೇಳಬೇಕು. ಅಳೆದದ್ದು ರಕ್ತವನ್ನೋ ಮೂಗನ್ನೋ ಎಂದೂ ಕೇಳಬೇಕು.