"ಬ್ರೋ, ಲೊಕೇಶನ್ ಕಳ್ಸು": ಕಾಡಿನ ಆರ್ಕಿಡ್‌ಗಳ ಕಥೆ

📷 1/5
ಮಳೆಗಾಲ ಶುರುವಾಯ್ತು ಅಂದ್ರೆ ಮಲೆನಾಡಿನ ಮರಗಳಲ್ಲಿ ಸೀತಾಳೆ ದಂಡೆ ಇಳಿಬೀಳುತ್ತೆ. ನಸುಗುಲಾಬಿ ಹೂಗಳ ಉದ್ದನೆ ಜಡೆ, ನೋಡಿದ ತಕ್ಷಣ ಕೈ ಕ್ಯಾಮೆರಾಗೆ ಹೋಗುತ್ತೆ. ಫೋಟೋ ಹಾಕಿದ್ರೆ ಮೊದಲ ಕಾಮೆಂಟೇ "ಬ್ರೋ, ಲೊಕೇಶನ್ ಕಳ್ಸು". ಕೇಳೋರು ಒಳ್ಳೆ ಮನಸ್ಸಿಂದಲೇ ಕೇಳ್ತಾರೆ. ಆದ್ರೆ ಜಾಗ ತೋರಿಸಿದ್ರೆ ಏನಾಗಬಹುದು ಅನ್ನೋದಕ್ಕೆ 170 ವರ್ಷಕ್ಕೂ ಹಳೆಯ ಒಂದು ಉದಾಹರಣೆ ಇದೆ.

📷 2/5
1850, ಖಾಸಿ ಬೆಟ್ಟ, ಅಂದ್ರೆ ಇವತ್ತಿನ ಮೇಘಾಲಯ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಮತ್ತು ಗೆಳೆಯ ಥಾಮಸ್ ಥಾಮ್ಸನ್ ಓಕ್ ಮರಗಳ ಮೇಲೆ ನೀಲಿ ವಾಂಡಾ ಅರಳಿರೋದನ್ನ ನೋಡಿದ್ರು. ಆಗ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿದಿದ್ದ ಕಾಲ. ಇವರು 360 ಹೂಗೊಂಚಲು ಕಿತ್ತು ವರಾಂಡದಲ್ಲಿ ಮೂರು ರಾಶಿ ಹಾಕಿದ್ರು. ಒಂದೊಂದು ರಾಶಿ ಒಂದು ಗಜ ಎತ್ತರ! ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಏಳು ಆಳು ಹೊರುವಷ್ಟು ಗಿಡ ಕಳಿಸಿದ್ರು. ಜೀವಂತ ತಲುಪಿದ್ದು ಕೆಲವೇ ಕೆಲವು.

ಇನ್ನೊಬ್ಬ ಮಹಾಶಯ ಜಾಗ ನೋಡ್ಕೊಂಡು ಬಾ ಅಂತ ತನ್ನ ತೋಟಗಾರನನ್ನ ಇವರ ಜೊತೆ ಕಳಿಸಿದ್ದ. ಅವನು ಇಂಗ್ಲೆಂಡಿಗೆ ಕಳಿಸಿದ್ದು ಒಂದೇ ಆಳಿನ ಹೊರೆ. ಅದೂ ಅರೆಜೀವವಾಗಿ ತಲುಪಿ, 300 ಪೌಂಡಿಗೆ ಮಾರಾಟವಾಯ್ತು. ಇದನ್ನೆಲ್ಲ ಬರೆದಿಟ್ಟವರು ಸ್ವತಃ ಹೂಕರ್.

📷 3/5
ಕಿತ್ತ ಗಿಡದ ಜಾಗದಲ್ಲಿ ಇನ್ನೊಂದು ಬೆಳೆಯಲ್ವಾ? ಅಷ್ಟು ಸುಲಭ ಅಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರದ ಬುತ್ತಿಯೇ ಇಲ್ಲ. ಕಾಡಿನಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದ್ರೆ ಮಾತ್ರ ಮೊಳೆಯುತ್ತೆ. ಹೂ ಬಿಡೋಕೆ ಮತ್ತೆ ವರ್ಷಗಳೇ ಬೇಕು. ಇವತ್ತು ನೀಲಿ ವಾಂಡಾಗೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

📷 4/5
ಇಂಗ್ಲೆಂಡಿನವರ ಸ್ವಂತ ಆರ್ಕಿಡ್‌ಗೂ ಇದೇ ಗತಿ ಬಂತು. ಹಳದಿ ಚಪ್ಪಲಿಯಂಥ ಹೂ ಬಿಡೋ ಲೇಡೀಸ್ ಸ್ಲಿಪ್ಪರ್ ಅನ್ನ ಜನ ಕಿತ್ತೂ ಕಿತ್ತೂ, 1917ರಲ್ಲಿ ಅದು ನಿರ್ನಾಮ ಆಯ್ತು ಅಂತಲೇ ಘೋಷಿಸಿದ್ರು. 1930ರಲ್ಲಿ ಯಾರ್ಕ್‌ಷೈರ್ ಕಣಿವೆಯಲ್ಲಿ ಒಂದೇ ಒಂದು ಗಿಡ ಸಿಕ್ತು. ಈ ಸಲ ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಹೂ ಬಿಡೋ ಕಾಲದಲ್ಲಿ ಕಾವಲು ಕಾದ್ರು. ಆಮೇಲೆ ಕ್ಯೂ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೀಜದಿಂದ ಸಸಿ ಬೆಳೆಸಿ ಕಾಡಿಗೆ ಮರಳಿಸಿದ್ರು. ಹಾಗೆ ನೆಟ್ಟ ಗಿಡಗಳನ್ನ ಲ್ಯಾಂಕಷೈರ್‌ನ ಗೇಟ್ ಬ್ಯಾರೋಸ್‌ನಲ್ಲಿ ಯಾರು ಬೇಕಾದ್ರೂ ಹೋಗಿ ಫೋಟೋ ತೆಗೀಬಹುದು. ಆ ಹಳೇ ಗಿಡದ ಜಾಗ ಮಾತ್ರ ಇವತ್ತಿಗೂ ಗುಟ್ಟು.

📷 5/5
ಹಾಗಂತ ಫೋಟೋ ತೆಗೀಬೇಡಿ ಅಂತಲ್ಲ. ಧಾರಾಳವಾಗಿ ತೆಗೀರಿ, ಆದ್ರೆ ಇಷ್ಟು ನೆನಪಿರಲಿ:
🌿 ಕೊಂಬೆ ಬಗ್ಗಿಸ್ಬೇಡಿ, ಪಾಚಿ ಕೆರೀಬೇಡಿ. ಜೂಮ್ ಇದೆಯಲ್ಲ!
🌿 ಹೂವಿನ ಜೊತೆ ಎಲೆ, ಬೇರು, ಮರದ ತೊಗಟೆನೂ ತೆಗೀರಿ. ಜಾತಿ ಗುರುತಿಸೋಕೆ ಬೇಕಾಗುತ್ತೆ.
🌿 ತಿಂಗಳು, ಮರದ ಹೆಸರು, ನೆಲದಿಂದ ಎಷ್ಟು ಎತ್ತರ, ಬರೆದಿಡಿ.
🌿 ಪೋಸ್ಟ್‌ನಲ್ಲಿ ಜಿಲ್ಲೆ ಹೆಸರು ಸಾಕು. ಒರಿಜಿನಲ್ ಫೈಲ್ ಕಳ್ಸಿದ್ರೆ ಅದರೊಳಗೆ ಜಿಪಿಎಸ್ ಕೂಡ ಹೋಗಬಹುದು, ಮೊದಲು ಅಳಿಸಿ.

ಆ ತೋಟಗಾರ ಜಾಗ ನೋಡೋಕೆ ಕಾಡಿನವರೆಗೆ ನಡೀಬೇಕಿತ್ತು. ಈಗ ನಾವು ಹಾಕೋ ಒಂದು ಟ್ಯಾಗ್ ಸಾಕು.

ನಿಮ್ಮೂರ ಕಡೆ ಸೀತಾಳೆ ದಂಡೆಗೆ ಏನಂತಾರೆ? ಕಾಮೆಂಟಲ್ಲಿ ಹೆಸರು ಹೇಳಿ. ಜಾಗ ಬೇಡ 🙂

#ಕಾಡಿನಇತಿಹಾಸ #ಸೀತಾಳೆದಂಡೆ #ಆರ್ಕಿಡ್