ಮಾಣಿಕನಗರ: ಮಕ್ಕಳೊಂದಿಗೆ ಮಿತವ್ಯಯದ ಒಂದು ದಿನ

ಬೇಸಿಗೆ ರಜೆಯಾಗಲಿ, ದಸರೆಯ ಬಿಡುವಾಗಲಿ, ನಗರದ ಮನೆಗಳಲ್ಲಿ ಮಕ್ಕಳ ಬೇಡಿಕೆ ಒಂದೇ: ‘ಎಲ್ಲಿಯಾದರೂ ಕರೆದುಕೊಂಡು ಹೋಗಿ’. ಪಾಲಕರ ಲೆಕ್ಕಾಚಾರ ಆರಂಭವಾಗುವುದೂ ಅಲ್ಲಿಂದಲೇ. ಮನರಂಜನಾ ಪಾರ್ಕಿನ ಪ್ರವೇಶ ದರ, ಬಾಡಿಗೆ ಕಾರು, ಹೋಟೆಲ್ ಬಿಲ್ಲು ಎಲ್ಲವೂ ಕೂಡಿದರೆ ನಾಲ್ವರ ಕುಟುಂಬಕ್ಕೆ ಒಂದು ದಿನದ ಸಂಚಾರವು ತಿಂಗಳ ದಿನಸಿಯ ಹಣವನ್ನೇ ನುಂಗಬಲ್ಲದು. ಹಾಗೆಂದು ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಲೇ ಹೋದರೆ ಬಾಲ್ಯವು ಅಷ್ಟು ದಿನ ಕಾಯುವುದಿಲ್ಲ. ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಬಯಲು, ಗಾಳಿ, ಇತಿಹಾಸ ಮೂರನ್ನೂ ಕಾಣಿಸಲು ಸಾಧ್ಯವೇ? ಬೀದರ್ ಜಿಲ್ಲೆಯ ಮಾಣಿಕನಗರವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಸ್ಥಳದ ಪರಿಚಯ

ಹುಮನಾಬಾದ್ ಪಟ್ಟಣಕ್ಕೆ ಅತಿ ಸಮೀಪದಲ್ಲಿ, ವಿರಜಾ ಮತ್ತು ಗುರುಗಂಗಾ ಹೊಳೆಗಳು ಕೂಡುವ ಜಾಗದಲ್ಲಿ ಮಾಣಿಕನಗರವಿದೆ. ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದ ಮಾಣಿಕಪ್ರಭುಗಳ (1817-1865) ಸಮಾಧಿ ಮಂದಿರ ಇಲ್ಲಿನ ಕೇಂದ್ರ. ಬಸವಕಲ್ಯಾಣ ಸಮೀಪದ ಲಾಡವಂತಿಯಲ್ಲಿ ದತ್ತ ಜಯಂತಿಯಂದು ಜನಿಸಿದ ಅವರು 1845ರಲ್ಲಿ ಇಲ್ಲಿ ನೆಲೆನಿಂತರು. ಎಲ್ಲ ಮತಗಳೂ ಗೌರವಕ್ಕೆ ಅರ್ಹ ಎಂಬುದು ಅವರ ಬೋಧನೆಯ ತಿರುಳು. ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿ ಅವರು ಪದಗಳನ್ನು ರಚಿಸಿದ್ದಾರೆ. ಬಾಲಕ ಮಾಣಿಕನಿಗೆ ಪಾಠಶಾಲೆಗಿಂತ ಗೆಳೆಯರೊಡನೆ ಅಡವಿಯಲ್ಲಿ ಅಲೆಯುವುದೇ ಪ್ರಿಯವಾಗಿತ್ತೆಂದು ಅವರ ಚರಿತ್ರೆಗಳು ಹೇಳುತ್ತವೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.

ತಲುಪುವ ಬಗೆ

ಮಿತವ್ಯಯದ ಮೊದಲ ಸೂತ್ರವೆಂದರೆ ಬಾಡಿಗೆ ಕಾರನ್ನು ಕೈಬಿಡುವುದು. ಪುಣೆ-ಹೈದರಾಬಾದ್ ಹೆದ್ದಾರಿಯೂ ಬೀದರ್-ಕಲಬುರಗಿ ಹೆದ್ದಾರಿಯೂ ಸಂಧಿಸುವ ಊರು ಹುಮನಾಬಾದ್. ಹೀಗಾಗಿ ಎರಡೂ ಜಿಲ್ಲಾ ಕೇಂದ್ರಗಳಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಹಾಗೂ ಬಾಲಕಿಯರು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಸಂಚರಿಸಬಹುದು. ಗುರುತಿನ ಚೀಟಿ ಮರೆಯಬಾರದು. ಆರು ವರ್ಷದೊಳಗಿನ ಗಂಡುಮಕ್ಕಳಿಗೂ ಟಿಕೆಟ್ ಇಲ್ಲ. 12 ವರ್ಷದವರೆಗೆ ಅರ್ಧ ದರ. ತಾಯಿ, ಮಗಳು, ಪುಟ್ಟ ಮಗ ಇರುವ ಕುಟುಂಬದಲ್ಲಿ ತಂದೆಯೊಬ್ಬನ ಟಿಕೆಟ್ ಮಾತ್ರ ಖರ್ಚಾಗಿ ಉಳಿಯುತ್ತದೆ. ಆ ದರ 2025ರ ಜನವರಿಯಲ್ಲಿ ಶೇ. 15ರಷ್ಟು ಏರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು.

ರೈಲನ್ನೂ ಯೋಚಿಸಬಹುದು. 2017ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ಉದ್ಘಾಟನೆಗೊಂಡ ಬೀದರ್-ಕಲಬುರಗಿ ಮಾರ್ಗದಲ್ಲಿ ಹುಮನಾಬಾದ್ ನಿಲ್ದಾಣವಿದೆ. ಕಾಯ್ದಿರಿಸದ ಬೋಗಿಯಲ್ಲಿ ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಐದರಿಂದ 12ರ ಒಳಗಿನವರಿಗೆ ಅರ್ಧ ದರ. ರೈಲನ್ನೇ ಕಾಣದ ಮಗುವಿಗೆ ಪಯಣವೇ ಅರ್ಧ ಪ್ರವಾಸ. ಆದರೆ ಮರಳುವ ರೈಲಿನ ವೇಳೆಯನ್ನು ಖಚಿತಪಡಿಸಿಕೊಂಡೇ ಹೊರಡಿ.

ಒಂದು ದಿನಕ್ಕೆ ಎರಡೇ ತಾಣ

ದೊಡ್ಡವರು ಮಾಡುವ ಸಾಮಾನ್ಯ ತಪ್ಪೆಂದರೆ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಹವಣಿಕೆ. ದಣಿದ ಮಗು ಹಟ ಮಾಡುತ್ತದೆ, ಹಟ ತಣಿಸಲು ತಿಂಡಿ-ಆಟಿಕೆಗಳ ಖರೀದಿ ನಡೆಯುತ್ತದೆ, ಉಳಿಸಿದ ಹಣ ಅಲ್ಲಿಗೆ ಕರಗುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಮಾಣಿಕನಗರ, ಅನಂತರ ಕೆಳಗಿನವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಲೇಸು.

ಹುಮನಾಬಾದ್: ರಾಜಾ ರಾಮಚಂದ್ರ ಜಾಧವ 1725ರಲ್ಲಿ ಕಟ್ಟಿಸಿದ ವೀರಭದ್ರೇಶ್ವರ ದೇವಾಲಯ ಪಟ್ಟಣದಲ್ಲೇ ಇದೆ. ಚಿಕ್ಕ ಮಕ್ಕಳಿದ್ದರೆ ಇದೇ ಅನುಕೂಲ.

ಜಲಸಂಗಿ: ಇದೇ ತಾಲ್ಲೂಕಿನ ಈ ಗ್ರಾಮದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಗೋಡೆಯ ಮೇಲಿನ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು (ಆಳ್ವಿಕೆ: 1076-1126) ಹೊಗಳುವ ಶಾಸನವನ್ನು ಬರೆಯುತ್ತಿದ್ದಾಳೆ. ಅಕ್ಷರ ಕಲಿಯುತ್ತಿರುವ ಮಗುವಿಗೆ ‘ಬರೆಯುತ್ತಿರುವ ಅಕ್ಕನನ್ನು ಹುಡುಕು’ ಎಂದರೆ ಸಾಕು, ಆಟವೂ ಪಾಠವೂ ಒಟ್ಟಿಗೇ ಆಗುತ್ತವೆ.

ಬಸವಕಲ್ಯಾಣ: ಚಾಲುಕ್ಯರ ರಾಜಧಾನಿಯೂ 12ನೆಯ ಶತಮಾನದ ಶರಣರ ಕರ್ಮಭೂಮಿಯೂ ಆಗಿದ್ದ ಊರು. ಕೋಟೆ, ಅನುಭವ ಮಂಟಪ, ತ್ರಿಪುರಾಂತಕ ಕೆರೆ, 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವೇಶ್ವರ ಪ್ರತಿಮೆ ಇಲ್ಲಿವೆ. ಹತ್ತು ವರ್ಷ ಮೀರಿದ ಮಕ್ಕಳಿಗೆ ಇದು ಸೂಕ್ತ.

ಮತ್ತೊಂದು ರಜೆಯಲ್ಲಿ ಬೀದರ್ ಕೋಟೆಯತ್ತ ಹೋಗುವುದಾದರೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ ಎಂಬುದು ನೆನಪಿರಲಿ.

ಬುತ್ತಿ ಮತ್ತು ಕೈಖರ್ಚು

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಎರಡು ಬಾಳೆಹಣ್ಣು: ಈ ಭಾಗದ ಬುತ್ತಿ ಬೇಗ ಕೆಡುವುದಿಲ್ಲ, ಹೊಟ್ಟೆಯನ್ನೂ ಕೆಡಿಸುವುದಿಲ್ಲ. ಮಾಣಿಕನಗರದಲ್ಲಿ ಅನ್ನಪ್ರಸಾದದ ಪರಂಪರೆಯೂ ಇದೆ. ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣುವುದು ಮಕ್ಕಳಿಗೆ ಹೊಸ ಅನುಭವ. ಇನ್ನು ಕೈಖರ್ಚು. ಹೊರಡುವ ಮುನ್ನವೇ ಪ್ರತಿ ಮಗುವಿಗೂ ಇಂತಿಷ್ಟು ಎಂದು ಹಣ ಕೊಟ್ಟು, ‘ಇದು ನಿನ್ನದು, ಏನು ಬೇಕೋ ನೀನೇ ತೀರ್ಮಾನಿಸು’ ಎಂದುಬಿಡಿ. ಕೇಳಿದ್ದನ್ನೆಲ್ಲ ನಿರಾಕರಿಸುವ ಕಷ್ಟ ಪಾಲಕರಿಗೆ ತಪ್ಪುತ್ತದೆ. ಲೆಕ್ಕ ಹಾಕಿ ಕೊಳ್ಳುವುದನ್ನು ಮಗು ತಾನಾಗಿ ಕಲಿಯುತ್ತದೆ.

ಎಚ್ಚರಿಕೆಗಳು

ಅಗ್ಗದ ಪ್ರವಾಸವೆಂದು ಸುರಕ್ಷತೆಯಲ್ಲಿ ಉಳಿತಾಯ ಮಾಡಬಾರದು. ಸಂಗಮ ಸ್ಥಳವಾದ್ದರಿಂದ ಮಳೆಗಾಲದಲ್ಲಿ ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ. ಮೇಲ್ಭಾಗದಲ್ಲಿ ಮಳೆಯಾದರೆ ಹೊಳೆ ಏಕಾಏಕಿ ಏರುವುದುಂಟು. ಹಳೆಯ ಕೋಟೆಗಳ ಗೋಡೆಯಂಚು, ಬಾವಿಗಳ ಬಳಿ ಕೈಹಿಡಿದೇ ನಡೆಸಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ 11ರೊಳಗೆ ಸುತ್ತಾಟ ಮುಗಿಸಿ, ನೀರು ಮತ್ತು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಜಾತ್ರೆಯ ದಿನಗಳಲ್ಲಿ ಮಗುವಿನ ಜೇಬಿನಲ್ಲಿ ಪಾಲಕರ ಮೊಬೈಲ್ ಸಂಖ್ಯೆ ಬರೆದ ಚೀಟಿ ಇರಲಿ. ತುರ್ತು ನೆರವಿಗೆ 112, ಮಕ್ಕಳ ಸಹಾಯವಾಣಿಗೆ 1098.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿ ಪ್ರಶಸ್ತ ಕಾಲ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಮಾಣಿಕನಗರದಲ್ಲಿ ಜಾತ್ರೆ, ದರ್ಬಾರು, ಸಂಗೀತ ಸೇವೆಗಳು ನಡೆಯುತ್ತವೆ. ಸಡಗರ ನೋಡಬೇಕೆಂದರೆ ಆಗ ಹೋಗಿ. ಮಕ್ಕಳು ಓಡಾಡಲು ಜಾಗ ಬೇಕೆಂದರೆ ಜಾತ್ರೆ ಮುಗಿದ ಮೇಲೆ ಹೋಗಿ.

ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಎಳ್ಳು ಅಮಾವಾಸ್ಯೆ. ಅಂದು ಬೀದರ್-ಕಲಬುರಗಿ ಸೀಮೆಯ ಕುಟುಂಬಗಳು ಭಜ್ಜಿ, ಕಡಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ನೆಲದ ಮೇಲೆ ಕುಳಿತು ಉಣ್ಣುತ್ತವೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದು ಉಣಿಸುವ ವಾಡಿಕೆ ಈ ಸೀಮೆಯಲ್ಲಿದೆ. ಮಕ್ಕಳನ್ನು ಬಯಲಿಗೆ ಕರೆದೊಯ್ಯಲು ಹಣಕ್ಕಿಂತ ಮೊದಲು ಬೇಕಾದುದು ಒಂದು ದಿನದ ಬಿಡುವು ಎಂಬುದನ್ನು ನಮ್ಮ ಹಿರಿಯರು ಹಬ್ಬವಾಗಿಯೇ ಕಟ್ಟಿಕೊಟ್ಟಿದ್ದಾರೆ. ಈ ಸಲ ಅಂಥ ಕರೆ ಬಂದರೆ ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು ಹೋಗಿ.